ಶಿವನಸಮುದ್ರದ ಜಮಾಖರ್ಚು

ಖಡಕಿಯ ಹಳೆಯ ಮುಂಬಯಿ ರಸ್ತೆಯ ನೆತ್ತಿಯ ಮೇಲೆ ಈಗ ಮೆಟ್ರೋ ರೈಲು ಹಾಯುತ್ತಿದೆ. ಮಕ್ಕಳು ಅದನ್ನು ನೋಡಿ ಹಿಗ್ಗುತ್ತಾರೆ. ಹಿರಿಯರು ಕಂಬಗಳ ಎತ್ತರವನ್ನೂ ಎಂಜಿನಿಯರರ ಜಾಣ್ಮೆಯನ್ನೂ ಕೊಂಡಾಡುತ್ತಾರೆ. ಅದಕ್ಕೆ ಹಣವೆಲ್ಲಿಂದ ಬಂದಿತು, ಯಾವ ಷರತ್ತಿನ ಮೇಲೆ ಬಂದಿತು ಎಂದು ಕೇಳುವವರು ಮಾತ್ರ ಕಡಮೆ. ಲಕ್ಸೆಂಬರ್ಗ್ ಎಂಬ ಪುಟ್ಟ ದೇಶದಲ್ಲಿ ಕೇಂದ್ರ ಕಚೇರಿಯನ್ನಿಟ್ಟುಕೊಂಡಿರುವ ಯುರೋಪಿನ ಹೂಡಿಕೆ ಬ್ಯಾಂಕೂ ಫ್ರಾನ್ಸ್ ದೇಶದ ಅಭಿವೃದ್ಧಿ ಸಂಸ್ಥೆಯೂ ಪುಣೆಯ ಮೆಟ್ರೋಗೆ ಸಾಲ ಕೊಟ್ಟಿವೆ. ಬೆಂಗಳೂರಿನ ಮೆಟ್ರೋಗೆ ಜಪಾನಿನ ಹಣವೂ ಸೇರಿದೆ. ಹೀಗೆ ಹೊರದೇಶದ ಹಣ, ಹೊರದೇಶದ ಯಂತ್ರ, ನಮ್ಮ ನೆಲ ಇವು ಮೂರೂ ಕೂಡಿದಲ್ಲಿ ಲೆಕ್ಕವನ್ನು ಹಿಡಿದು ನಿಲ್ಲುವವನೊಬ್ಬ ಬೇಕಾಗುತ್ತಾನೆ. ಬ್ಯಾಂಕಿನ ಗುಮಾಸ್ತನಾದ ನನಗೆ ಕಂಬಕ್ಕಿಂತ ಮೊದಲು ಅವನ ನೆನಪಾಗುವುದನ್ನು ವೃತ್ತಿದೋಷವೆಂದು ವಾಚಕರು ಮನ್ನಿಸಬೇಕು.

ಕನ್ನಡ ನಾಡಿನಲ್ಲಿ ಇಂಥದೊಂದು ವ್ಯವಹಾರ ನಡೆದು ನೂರಿಪ್ಪತ್ತು ವರ್ಷಗಳ ಮೇಲಾಯಿತು. ಕಾವೇರಿಯ ಶಿವನಸಮುದ್ರದಲ್ಲಿ 1902ನೆಯ ಇಸವಿ ಜೂನ್ 30ರಂದು ವಿದ್ಯುಚ್ಛಕ್ತಿ ಹುಟ್ಟಿ, 92 ಮೈಲು ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತೆಂಬುದನ್ನು ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಓದಿದ್ದೇವೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುದ್ಯಂತ್ರಗಳು, ಸ್ವಿಟ್ಜರ್ಲೆಂಡಿನ ಏಷರ್ ವೀಸ್ ಕಂಪನಿಯ ಜಲಚಕ್ರಗಳು, ಕೆನಡಾ ಮೂಲದ ಎಂಜಿನಿಯರು, ಇಂಗ್ಲಿಷ್ ಕಂಪನಿಗಳ ಗಣಿಗಳು, ಮೈಸೂರಿನ ನೀರು, ಇವೆಲ್ಲ ಅಲ್ಲಿ ಒಟ್ಟುಗೂಡಿದ್ದುವು. ಇದನ್ನು ಎಂಜಿನಿಯರಿಂಗ್ ಸಾಹಸವೆಂದು ಬಣ್ಣಿಸುವ ಲೇಖನಗಳು ಬೇಕಾದಷ್ಟಿವೆ. ಆ ಸಾಹಸದ ಬೆನ್ನ ಹಿಂದೆ ನಡೆದ ಹಣಕಾಸಿನ ಕಥೆಯನ್ನು ಹೇಳುವುದಷ್ಟೇ ಇಲ್ಲಿಯ ಉದ್ದೇಶ. ಆ ಕಥೆಯ ನಾಯಕರು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರು.

ಆದರೆ ಕಥೆಯನ್ನು ನೀರಿನಿಂದ ಆರಂಭಿಸಿದರೆ ಅರ್ಥವಾಗುವುದಿಲ್ಲ, ರೈಲಿನಿಂದ ಆರಂಭಿಸಬೇಕು. ಖಡಕಿಯ ಕನ್ನಡ ಮನೆತನಗಳಲ್ಲಿ ಹೆಚ್ಚಿನವು ಧಾರವಾಡ, ಬೆಳಗಾವಿ, ವಿಜಾಪುರ, ಕಲಬುರ್ಗಿಯ ಕಡೆಯವು. 1956ಕ್ಕೆ ಮೊದಲು ನಮ್ಮ ಅಜ್ಜಂದಿರ ಪಾಲಿಗೆ ಮೈಸೂರು ಬೇರೆಯೇ ಸಂಸ್ಥಾನ. ಮುಂಬಯಿ ಇಲಾಖೆಯ ಕನ್ನಡಿಗರನ್ನೂ ಮೈಸೂರಿನ ಕನ್ನಡಿಗರನ್ನೂ ಮೊದಲು ಬೆಸೆದದ್ದು ಪುಣೆಯಿಂದ ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಮೇಲೆ ಹರಿಹರಕ್ಕೆ ಹೋಗಿ ಬೆಂಗಳೂರನ್ನು ಮುಟ್ಟುತ್ತಿದ್ದ ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ಹಾದಿ. ಆ ಕಂಪನಿಯ ದೊಡ್ಡ ಕಚೇರಿ ಧಾರವಾಡದಲ್ಲಿದ್ದಿತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕಲಿತವರು ಅದರ ಕಲ್ಲುಕಟ್ಟಡವನ್ನು ಮರೆತಿರಲಾರರು; ರೈಲ್ವೆ ಕಚೇರಿಯೇ ಮುಂದೆ ಕಾಲೇಜಾಯಿತು.

ಈ ಹಾದಿಯ ಮೈಸೂರು ಭಾಗ ಹೇಗೆ ಆಯಿತೆಂಬುದು ನೋಡತಕ್ಕ ವಿಷಯ. 1876ರಿಂದ 78ರವರೆಗಿನ ಬರಗಾಲದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿಹೋಯಿತು. 1871ರ ಗಣತಿಯಲ್ಲಿ 50 ಲಕ್ಷವಿದ್ದ ಜನ 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ಹೊರಗಿನಿಂದ ಧಾನ್ಯ ತರಲು ರೈಲಿಲ್ಲದ ಊರುಗಳಲ್ಲಿ ಜನ ಸತ್ತರು. ಐವತ್ತು ವರ್ಷ ಇಂಗ್ಲಿಷರ ಆಡಳಿತದಲ್ಲಿದ್ದ ಸಂಸ್ಥಾನ 1881ರಲ್ಲಿ ಒಡೆಯರ ಕೈಗೆ ಮರಳಿ ಬಂದಾಗ ಜೊತೆಗೆ ಬಂದದ್ದು ಬರಗಾಲದ ಖರ್ಚಿನ 80 ಲಕ್ಷ ರೂಪಾಯಿ ಸಾಲ. ಇದರ ಮೇಲೆ ವರ್ಷವರ್ಷವೂ ಇಂಗ್ಲಿಷ್ ಸರ್ಕಾರಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷ ಪೊಗದಿ. ಅದನ್ನು 35 ಲಕ್ಷಕ್ಕೆ ಏರಿಸಬೇಕೆಂಬ ಷರತ್ತು ಬೇರೆ. ಸಂಸ್ಥಾನದ ಹುಟ್ಟುವಳಿಯೆಲ್ಲ ಸೇರಿ ಕೋಟಿ ರೂಪಾಯಿಯ ಆಸುಪಾಸು. ಕೋಟಿ ರೂಪಾಯಿ ಸಂಬಳದವನ ಮನೆಗೆ ಇಂಥ ಕಂತುಗಳಿದ್ದರೆ ಮನೆಯ ಯಜಮಾನಿಗೆ ನಿದ್ರೆ ಬಂದೀತೇ?

ಮೊದಲ ದಿವಾನರಾದ ರಂಗಾಚಾರ್ಲು ಅವರು ಬೆಂಗಳೂರಿನಿಂದ ಮೈಸೂರಿಗೆ 86 ಮೈಲು ಹಾದಿಯನ್ನು ಸಾಲವಿಲ್ಲದೆ ಸಂಸ್ಥಾನದ ಹುಟ್ಟುವಳಿಯಿಂದಲೇ ಮುಗಿಸಿದರು. 1882ರಲ್ಲಿ ಅದು ತೆರೆಯಿತು. ಉತ್ತರಕ್ಕೆ ಹರಿಹರದವರೆಗೆ ಒಯ್ಯುವಷ್ಟು ಹಣ ಬೊಕ್ಕಸದಲ್ಲಿ ಇರಲಿಲ್ಲ. 1883ರ ಜನವರಿಯಲ್ಲಿ ರಂಗಾಚಾರ್ಲು ತೀರಿಕೊಂಡರು. ಅವರ ಸ್ಥಾನಕ್ಕೆ ಬಂದ ಶೇಷಾದ್ರಿ ಅಯ್ಯರು ಪಾಲಘಾಟದ ಕಡೆಯವರು; 1868ರಲ್ಲಿ ಅಷ್ಟಗ್ರಾಮ ವಿಭಾಗದ ನ್ಯಾಯ ಶಿರಸ್ತೇದಾರರಾಗಿ, ಎಂದರೆ ಒಂದು ಕಚೇರಿಯ ಹಿರಿಯ ಗುಮಾಸ್ತರಾಗಿ, ಮೈಸೂರಿಗೆ ಬಂದವರು. ಊರು ಬಿಟ್ಟು ಬಂದ ನೌಕರಿಯವರು ಎಂಬ ದೃಷ್ಟಿಯಿಂದ ಅವರನ್ನು ನಮ್ಮ ಸಾಲಿಗೇ ಸೇರಿಸಬಹುದು. ಹೊರಗಿನವರೆಂಬ ಗೊಣಗಾಟವನ್ನು ಅವರು ಹದಿನೆಂಟು ವರ್ಷ ಕೇಳಿದರು.

ಹರಿಹರದ ಹಾದಿಗೆ ಶೇಷಾದ್ರಿ ಅಯ್ಯರು ಲಂಡನ್ನಿನ ಬಾಗಿಲನ್ನು ತಟ್ಟಬೇಕಾಯಿತು. 1886ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯೊಡನೆ ಕರಾರಾಯಿತು. ಕಂಪನಿ ಲಂಡನ್ನಿನಲ್ಲಿ 12 ಲಕ್ಷ ಪೌಂಡು ಸಾಲವೆತ್ತುವುದು; ನೂರಕ್ಕೆ ನಾಲ್ಕರಂತೆ ಬಡ್ಡಿಯ ಹೊಣೆ ಮೈಸೂರಿನದು; ಹಾದಿಯನ್ನು ನಡೆಸುವುದು ಕಂಪನಿ; ಖರ್ಚು ಕಳೆದು ಉಳಿದ ಆದಾಯದಲ್ಲಿ ಕಾಲುಪಾಲು ಕಂಪನಿಗೆ, ಮುಕ್ಕಾಲುಪಾಲು ಮೈಸೂರಿಗೆ. ಮೇಲುನೋಟಕ್ಕೆ ಇದು ಅನ್ಯಾಯದ ಪಾಲೆಂದು ತೋರುವುದಿಲ್ಲ. ಕಾಗದವನ್ನು ಮತ್ತೊಮ್ಮೆ ಓದಿ ನೋಡಿರಿ. ಆದಾಯ ಎಷ್ಟೇ ಇರಲಿ, ಬಡ್ಡಿ ನಿಲ್ಲುವುದಿಲ್ಲ. ಬಡ್ಡಿಗೆ ಆದಾಯ ಸಾಲದಾದಾಗ ತುಂಬಿಕೊಡುವವರು ಮೈಸೂರಿನ ರೈತರು. ಕಂಪನಿಯ ಕಾಲುಪಾಲಿಗೆ ಮಾತ್ರ ಬಡ್ಡಿಯ ಗೊಡವೆಯೇ ಇಲ್ಲ. ಹಲವು ವರ್ಷ ಹಾಗೆಯೇ ಆಯಿತು. ಹಾದಿಯ ಆದಾಯ ಬಡ್ಡಿಯ ಹೊಟ್ಟೆ ತುಂಬಿಸಲಿಲ್ಲ.

ಇದಕ್ಕಿಂತ ದೊಡ್ಡ ಮುಳ್ಳು ಪೌಂಡಿನಲ್ಲಿ ಅಡಗಿದ್ದಿತು. ನಮ್ಮ ರೂಪಾಯಿ ಆಗ ಬೆಳ್ಳಿಯದು, ಇಂಗ್ಲೆಂಡಿನ ಪೌಂಡು ಚಿನ್ನದ್ದು. ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಇಳಿಯುತ್ತ ಹೋದಂತೆ ಒಂದು ಪೌಂಡಿಗೆ ಕೊಡಬೇಕಾದ ರೂಪಾಯಿಗಳು ಏರುತ್ತ ಹೋದುವು. ಕರಾರಿನ ಕಾಲಕ್ಕೆ ಪೌಂಡಿಗೆ ಹದಿಮೂರೂ ಮುಕ್ಕಾಲು ರೂಪಾಯಿಯ ಸುಮಾರು ಇದ್ದುದು 1894-95ರ ವೇಳೆಗೆ ಹದಿನೆಂಟನ್ನು ದಾಟಿತು. 12 ಲಕ್ಷ ಪೌಂಡಿಗೆ ನಾಲ್ಕರ ಬಡ್ಡಿ ವರ್ಷಕ್ಕೆ 48,000 ಪೌಂಡು. ಅದೇ 48,000 ಪೌಂಡು ಮೊದಲಿನ ದರದಲ್ಲಿ ಆರೂವರೆ ಲಕ್ಷ ರೂಪಾಯಿ. ಎಂಟೊಂಬತ್ತು ವರ್ಷಗಳಲ್ಲಿ ಎಂಟೂಮುಕ್ಕಾಲು ಲಕ್ಷ ರೂಪಾಯಿ. ಒಂದು ಮೈಲು ಹಾದಿಯೂ ಹೆಚ್ಚಲಿಲ್ಲ, ಸಾಲವೂ ಒಂದು ಕಾಸು ಏರಲಿಲ್ಲ, ಆದರೂ ಬಡ್ಡಿಯ ಹೊರೆ ಮೂರರಲ್ಲೊಂದು ಪಾಲು ಬೆಳೆಯಿತು. ರೈಲಿಗೆ ಟಿಕೆಟು ಕೊಂಡ ಪ್ರಯಾಣಿಕನೂ ಮೂಟೆ ಹಾಕಿದ ವರ್ತಕನೂ ಕೊಡುವುದು ರೂಪಾಯಿ. ಲಂಡನ್ನಿಗೆ ಕಳುಹಿಸಬೇಕಾದದ್ದು ಪೌಂಡು. ಈ ಎರಡರ ನಡುವಿನ ಕಂದಕ ಯಾವ ಎಂಜಿನಿಯರನ ನಕ್ಷೆಯಲ್ಲಿಯೂ ಕಾಣಿಸದು.

ಶೇಷಾದ್ರಿ ಅಯ್ಯರು ಎಡವಿದರೆಂದು ಇದರ ಅರ್ಥವಲ್ಲ. ಬರಗಾಲವನ್ನು ಕಣ್ಣಾರೆ ಕಂಡವರು ಅವರು. ಇನ್ನೊಂದು ಬರ ಬರುವುದರೊಳಗೆ ಹಾದಿ ಆಗಲೇಬೇಕಾಗಿತ್ತು. ಸಾಲಗಾರನಾದ ಸಂಸ್ಥಾನಕ್ಕೆ ಬೇರೆ ಯಾರೂ ಅಷ್ಟು ಹಣ ಕೊಡುತ್ತಿರಲಿಲ್ಲ. 1889ರಲ್ಲಿ ಹರಿಹರ ಮುಟ್ಟಿದ ಆ ಹಾದಿಯಿಂದಲೇ ನಮ್ಮ ಹಿರಿಯರು ಪುಣೆಗೆ ಬಂದರು. ಆದರೆ ವರ್ಷವರ್ಷವೂ ಆಯವ್ಯಯದ ಪಟ್ಟಿಯಲ್ಲಿ ಆ ಬಡ್ಡಿಯ ಅಂಕಿಯನ್ನು ತಾವೇ ಓದಿ ಪ್ರಜಾಪ್ರತಿನಿಧಿ ಸಭೆಗೆ ಹೇಳಬೇಕಾದ ದಿವಾನರ ಮನಸ್ಸಿನಲ್ಲಿ ಅದು ಏನನ್ನೂ ಬರೆಯದೆ ಬಿಟ್ಟಿರಲಾರದು ಎಂದು ನನ್ನ ಊಹೆ. ಮುಂದಿನ ವ್ಯವಹಾರವನ್ನು ನೋಡಿದರೆ ಈ ಊಹೆಗೆ ಬಲ ಬರುತ್ತದೆ.

ಕೋಲಾರದ ಗಣಿಗಳನ್ನು 1880ರಿಂದ ಈಚೆಗೆ ಲಂಡನ್ನಿನ ಜಾನ್ ಟೇಲರ್ ಮತ್ತು ಸನ್ಸ್ ಎಂಬ ಸಂಸ್ಥೆ ನಡೆಸುತ್ತಿದ್ದಿತು. ತೆಗೆದ ಚಿನ್ನದ ಬೆಲೆಯಲ್ಲಿ ನೂರಕ್ಕೆ ಐದರಂತೆ ಮೈಸೂರಿಗೆ ರಾಜಾದಾಯ ಸಲ್ಲುತ್ತಿದ್ದಿತು. ಗಣಿ ಆಳವಾದಂತೆ ನೀರನ್ನೆತ್ತುವುದಕ್ಕೂ ಅದುರನ್ನು ಕುಟ್ಟುವುದಕ್ಕೂ ಶಕ್ತಿ ಹೆಚ್ಚು ಬೇಕಾಯಿತು. ಸುತ್ತಲಿನ ಕಾಡಿನ ಸೌದೆ ಉರಿದುಹೋಯಿತು. ಕಲ್ಲಿದ್ದಲು ದೂರದಿಂದ ಬರಬೇಕು, ಬೆಲೆ ವಿಪರೀತ. ಇತ್ತ 1896ರಲ್ಲಿ ಅಮೆರಿಕದ ನಯಾಗರಾ ಜಲಪಾತದ ವಿದ್ಯುತ್ತು ಇಪ್ಪತ್ತು ಮೈಲಿಗೂ ಆಚೆಯ ಬಫಲೋ ನಗರಕ್ಕೆ ಹೋಯಿತೆಂಬ ಸುದ್ದಿ ಜಗತ್ತಿನ ತುಂಬ ಹಬ್ಬಿತು. ಕಾವೇರಿಯ ಜಲಪಾತದ ಮೇಲೆ ಕಣ್ಣಿಟ್ಟ ಇಂಗ್ಲಿಷ್ ಸಾಹಸಿಗರು ತಮಗೆ ಅಪ್ಪಣೆ ಕೊಟ್ಟರೆ ತಮ್ಮ ಖರ್ಚಿನಿಂದ ವಿದ್ಯುತ್ತನ್ನು ಹುಟ್ಟಿಸುವೆವೆಂದು ಮುಂದೆ ಬಂದಿದ್ದರು. ಸಂಸ್ಥಾನಕ್ಕೆ ಖರ್ಚಿಲ್ಲ, ತಲೆನೋವಿಲ್ಲ. ವರ್ಷಕ್ಕಿಷ್ಟು ಕಾಣಿಕೆ ಎಣಿಸಿಕೊಂಡು ಕುಳಿತರಾಯಿತು. ಎಷ್ಟೋ ದಿವಾನರು ಆಗಲೇ ರುಜು ಹಾಕಿಬಿಡುತ್ತಿದ್ದರು.

ಶೇಷಾದ್ರಿ ಅಯ್ಯರು ಹಾಕಲಿಲ್ಲ. ಸಂಸ್ಥಾನವೇ ಇದನ್ನು ಕಟ್ಟಬೇಕೆಂದು ನಿಶ್ಚಯಿಸಿದರು. ಸಂಸ್ಥಾನದ ಉಪಮುಖ್ಯ ಎಂಜಿನಿಯರಾಗಿದ್ದ ಕ್ಯಾಪ್ಟನ್ ಜೋಲಿ ದ ಲಾಟ್‌ಬಿನಿಯೇರ್ ಎಂಬವರು ನದಿಯನ್ನು ಅಳೆದು ಯೋಜನೆ ಮಾಡಿದರು. ದಿವಾನರು ಅವರನ್ನು ಯುರೋಪಿಗೂ ಅಮೆರಿಕಕ್ಕೂ ಕಳುಹಿಸಿದರು. ಕಾಲವೇನೂ ಅನುಕೂಲವಾಗಿರಲಿಲ್ಲ. 1894ರ ಕೊನೆಗೆ ಮಹಾರಾಜ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡು, ಬಾಲಕ ರಾಜರ ಪರವಾಗಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜ್ಯವಾಳುತ್ತಿದ್ದರು. 1896ರಿಂದ ಪೊಗದಿ 35 ಲಕ್ಷಕ್ಕೇರಿತ್ತು. 1897ರಲ್ಲಿ ಪುಣೆಯನ್ನು ನಡುಗಿಸಿದ ಪ್ಲೇಗು ಮರುವರ್ಷ ಬೆಂಗಳೂರಿಗೂ ಬಂದಿತು. ಜಲಪಾತವಿದ್ದ ಕಡೆ ನದಿಯ ಆಚೆ ದಡ ಮದರಾಸಿನದು. ಕೊಳ್ಳೇಗಾಲ ಕರ್ನಾಟಕಕ್ಕೆ ಸೇರಿದ್ದು 1956ರಲ್ಲಿ. ಆದಕಾರಣ ಮದರಾಸಿನ ಒಪ್ಪಿಗೆಯೂ ಬೇಕು, ಮೇಲಿನ ಸರ್ಕಾರದ ಒಪ್ಪಿಗೆಯೂ ಬೇಕು.

ಇಷ್ಟೆಲ್ಲದರ ನಡುವೆ ದಿವಾನರು ಮೊದಲು ಮಾಡಿದ ಕೆಲಸವೆಂದರೆ ಗಿರಾಕಿಯನ್ನು ಕಟ್ಟಿಹಾಕಿದ್ದು. ಹಿಟ್ಟಿನ ಗಿರಣಿಗೆ ಸಾಲ ಕೇಳಿ ಬ್ಯಾಂಕಿಗೆ ಬಂದವರನ್ನು ನಾವು ಯಂತ್ರ ಯಾವುದೆಂದು ಆಮೇಲೆ ಕೇಳುತ್ತೇವೆ. ಬೀಸಿಸಿಕೊಳ್ಳಲು ಬರುವವರು ಯಾರು, ಓಣಿಯಲ್ಲಿ ಎಷ್ಟು ಮನೆಗಳಿವೆ ಎಂದು ಮೊದಲು ಕೇಳುತ್ತೇವೆ. ಶಿವನಸಮುದ್ರದ ಸುತ್ತ ವಿದ್ಯುತ್ತನ್ನು ಕೊಳ್ಳುವ ಒಂದು ಮನೆಯೂ ಇರಲಿಲ್ಲ. ಮೈಸೂರಿನಲ್ಲಿ ಇಲ್ಲ, ಬೆಂಗಳೂರಿನಲ್ಲಿಯೂ ಇಲ್ಲ. ಇಡೀ ಸಂಸ್ಥಾನದಲ್ಲಿ ಅಷ್ಟು ಶಕ್ತಿಯನ್ನು ಕೊಳ್ಳುವ ತಾಕತ್ತಿದ್ದದ್ದು ಕೋಲಾರದ ಗಣಿಗಳಿಗೆ ಮಾತ್ರ, ಅವು 92 ಮೈಲು ದೂರ. ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ದವರು ಆಗ ಜಗತ್ತಿನಲ್ಲಿಯೇ ಬೆರಳೆಣಿಕೆಯವರು. ಗಿರಾಕಿ ದೂರವಿದ್ದುದರಿಂದ ತಂತಿ ಉದ್ದವಾಯಿತು. ಎಂಜಿನಿಯರಿಂಗ್ ಚರಿತ್ರೆಯಲ್ಲಿ ಹೆಸರಾದ ಆ ಉದ್ದಕ್ಕೆ ಕಾರಣ ಇಷ್ಟು ಸರಳ.

ಗಣಿ ಕಂಪನಿಗಳೊಡನೆ ಹತ್ತು ವರ್ಷಗಳ ಕರಾರಾಯಿತು. ಮೊದಲ ಹಂತದಲ್ಲಿ 4,000 ಅಶ್ವಶಕ್ತಿ. ದರವನ್ನು ಅಶ್ವಶಕ್ತಿಗೆ ವರ್ಷಕ್ಕಿಷ್ಟೆಂದು ಕಟ್ಟಿದರು. ಮೊದಲ ವರ್ಷದ ದರ ಎಲ್ಲಕ್ಕಿಂತ ಹೆಚ್ಚು, ಬಳಿಕ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಹೋಗುವುದು. ಗಣಿಯವರಿಗೆ ಮೊದಲ ವರ್ಷವೂ ಅದು ತಮ್ಮ ಹಬೆಯಂತ್ರಗಳ ಖರ್ಚಿಗಿಂತ ಭಾರವೆನಿಸಲಿಲ್ಲ. ಮುಂದೆ ಅಗ್ಗವಾಗುವ ಆಸೆಯಿತ್ತು. ಸಂಸ್ಥಾನಕ್ಕೋ, ಹಾಕಿದ ಬಂಡವಾಳದ ದೊಡ್ಡ ಪಾಲು ಮೊದಲ ವರ್ಷಗಳಲ್ಲಿಯೇ ಮರಳುವುದು. ಪ್ರಯೋಗವೇ ಆಗಿದ್ದ ಯಂತ್ರ ಹತ್ತು ವರ್ಷ ಬಾಳುತ್ತದೆಯೋ ಇಲ್ಲವೋ ಯಾರಿಗೆ ಗೊತ್ತು? ಗಂಡಾಂತರ ಹೆಚ್ಚಿರುವ ಕಾಲದಲ್ಲಿಯೇ ಹಣ ಬೇಗ ಬರುವಂತೆ ಮಾಡಿದ್ದನ್ನು ನಾನು ಈ ಕರಾರಿನ ಬಹು ದೊಡ್ಡ ಜಾಣ್ಮೆಯೆಂದು ಎಣಿಸುತ್ತೇನೆ.

ಎರಡನೆಯ ಜಾಣ್ಮೆ ಅದಕ್ಕಿಂತ ಸದ್ದಿಲ್ಲದ್ದು. ದರವನ್ನು ಗೊತ್ತುಮಾಡಿದ್ದು ರೂಪಾಯಿಗಳಲ್ಲಲ್ಲ, ಪೌಂಡುಗಳಲ್ಲಿ. ಗಣಿಯವರು ತೆಗೆಯುವುದು ಚಿನ್ನ, ಮಾರುವುದು ಲಂಡನ್ನಿನಲ್ಲಿ. ಅವರಿಗೆ ಪೌಂಡು ಕೊಡುವುದು ಕಷ್ಟವಲ್ಲ. ಮೈಸೂರು ಯಂತ್ರ ಕೊಳ್ಳಬೇಕಾದದ್ದು ಹೊರದೇಶದಲ್ಲಿ, ಹರಿಹರದ ರೈಲಿನ ಬಡ್ಡಿ ಕಟ್ಟಬೇಕಾದದ್ದೂ ಲಂಡನ್ನಿನಲ್ಲಿ. ರೈಲಿನ ಕರಾರಿನಲ್ಲಿ ಬರುವುದು ಬೆಳ್ಳಿ, ಹೋಗುವುದು ಚಿನ್ನವಾಗಿದ್ದರೆ ಇಲ್ಲಿ ಬರುವುದೂ ಚಿನ್ನವಾಯಿತು. ಕಾವೇರಿಯ ನೀರಿಗೆ ಪೌಂಡಿನಲ್ಲಿ ಬೆಲೆ ಕಟ್ಟಿದ ಮೊದಲ ಕಾಗದ ಇದೇ ಇರಬೇಕು. ಇದರ ಮೇಲೆ ಅಗ್ಗದ ಶಕ್ತಿಯಿಂದ ಗಣಿ ಇನ್ನೂ ಆಳಕ್ಕಿಳಿದು ಚಿನ್ನ ಹೆಚ್ಚಿದರೆ ನೂರಕ್ಕೆ ಐದರ ರಾಜಾದಾಯವೂ ಹೆಚ್ಚುವುದು. ಒಂದೇ ತಂತಿ ಬೊಕ್ಕಸಕ್ಕೆ ಎರಡು ಕಡೆಯಿಂದ ಜಮೆ ತಂದಿತು.

ಇನ್ನು ಬಂಡವಾಳ. ಅದಕ್ಕಾಗಿ ಲಂಡನ್ನಿನಲ್ಲಿ ಮತ್ತೆ ಸಾಲವೆತ್ತಲಿಲ್ಲ. ಸಂಸ್ಥಾನದ ಉಳಿತಾಯದಿಂದಲೇ ಹಾಕಿದರು. ದಿವಾನರಾದಾಗ ಸಾಲದಲ್ಲಿದ್ದ ಬೊಕ್ಕಸವನ್ನು ಅವರು ಹನ್ನೆರಡು ವರ್ಷಗಳಲ್ಲಿ ಕೋಟಿಗೂ ಮಿಕ್ಕಿ ಉಳಿತಾಯವಿರುವ ಸ್ಥಿತಿಗೆ ತಂದಿದ್ದರು. ಹಾಗೆ ಉಳಿತಾಯವಿದ್ದುದರಿಂದಲೇ ಖಾಸಗಿಯವರಿಗೆ ಇಲ್ಲವೆಂದು ಹೇಳುವ ಧೈರ್ಯ ಬಂದದ್ದು. ಕೈ ಬರಿದಾಗಿದ್ದರೆ ಸ್ವಾಭಿಮಾನದ ಮಾತನ್ನು ಸಭೆಯಲ್ಲಿ ಆಡಬಹುದು, ಕರಾರಿನ ಕಾಗದದಲ್ಲಿ ಬರೆಸಲಾಗುವುದಿಲ್ಲ.

ಕೆಲಸದ ವಿವರಗಳನ್ನು ಬೇರೆಯವರು ಚೆನ್ನಾಗಿ ಬರೆದಿದ್ದಾರೆ. ಹಡಗಿನಿಂದ ಬಂದ ಭಾರವಾದ ಯಂತ್ರಗಳನ್ನು ರೈಲಿನಿಂದಿಳಿಸಿ ಎತ್ತಿನ ಗಾಡಿಗಳ ಮೇಲೂ ಆನೆಗಳ ಸಹಾಯದಿಂದಲೂ ಕಾಡುದಾರಿಯಲ್ಲಿ ಸಾಗಿಸಿದರು. ಮಲೆಜ್ವರದ ಸೀಮೆ, ಕೂಲಿಗಳಿಗೂ ಅಮೆರಿಕದವರಿಗೂ ಅದು ಭೇದ ಮಾಡಲಿಲ್ಲ. 720 ಕಿಲೋವಾಟಿನ ಆರು ವಿದ್ಯುದ್ಯಂತ್ರಗಳನ್ನು ಮೊದಲು ನಿಲ್ಲಿಸಿದರು. ಶೇಷಾದ್ರಿ ಅಯ್ಯರು ಇದನ್ನು ನೋಡಲಿಲ್ಲ. ದೇಹಾಲಸ್ಯದಿಂದ 1901ರ ಮಾರ್ಚಿನಲ್ಲಿ ಅಧಿಕಾರ ಬಿಟ್ಟರು. ಸೆಪ್ಟೆಂಬರ್ 13ರಂದು ಕಾಲವಾದರು. ಮರುವರ್ಷ ಜೂನ್ ಕೊನೆಯಲ್ಲಿ ಕೋಲಾರದ ಯಂತ್ರಗಳು ಕಾವೇರಿಯ ಶಕ್ತಿಯಿಂದ ತಿರುಗಿದುವು. ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡರು. ಯಂತ್ರಗಳ ಸಂಖ್ಯೆಯನ್ನು 1905ರಲ್ಲಿಯೂ 1908ರಲ್ಲಿಯೂ ಹೆಚ್ಚಿಸಬೇಕಾಯಿತು.

ಈ ಲೆಕ್ಕದಲ್ಲಿ ಎಲ್ಲವೂ ಜಮೆಯೇ ಎಂದು ಹೇಳಿದರೆ ನಾನು ನನ್ನ ಕಸುಬಿಗೆ ದ್ರೋಹ ಬಗೆದಂತಾದೀತು. ಕಾವೇರಿಯ ಮೊದಲ ಬೆಳಕು ಕನ್ನಡಿಗರ ಮನೆಯಲ್ಲಿ ಹೊತ್ತಲಿಲ್ಲ. ಬೆಂಗಳೂರಿನ ಬೀದಿಯಲ್ಲಿ ದೀಪ ಕಂಡದ್ದು ಮೂರು ವರ್ಷಗಳ ಬಳಿಕ, 1905ರ ಆಗಸ್ಟಿನಲ್ಲಿ. ಮೈಸೂರು ನಗರಕ್ಕೆ 1908ರಲ್ಲಿ. ತಂತಿ ಹಾದುಹೋದ ಹಳ್ಳಿಗಳವರು ತಮ್ಮ ಹೊಲದಲ್ಲಿ ನಿಂತ ಕಂಬವನ್ನು ಹರಳೆಣ್ಣೆ ದೀಪದ ಬೆಳಕಿನಲ್ಲಿ ಎಷ್ಟೋ ವರ್ಷ ನೋಡುತ್ತಲೇ ಇದ್ದರು. ಅತ್ತ ಗಣಿಯ ಆಳದಲ್ಲಿ ದುಡಿದವರು ತಮಿಳು, ತೆಲುಗು, ಕನ್ನಡದ ಬಡವರು. ಅವರೆತ್ತಿದ ಚಿನ್ನದ ಲಾಭಾಂಶ ಲಂಡನ್ನಿನ ಷೇರುದಾರರಿಗೆ. ನೂರರಲ್ಲಿ ಐದು ಕಡಮೆಯಾಯಿತೆಂದು ವಾದಿಸುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕಲಾರೆ. ಆದರೆ ಗಿರಾಕಿಯಿಲ್ಲದೆ ಮೊದಲು ಹಳ್ಳಿಗೆ ದೀಪವೆಂದು ಹೊರಟಿದ್ದರೆ ಯಂತ್ರವೇ ಬರುತ್ತಿರಲಿಲ್ಲ, ಬಂದಿದ್ದರೆ ಇನ್ನೊಂದು ಹರಿಹರದ ಬಡ್ಡಿ ಬರುತ್ತಿದ್ದಿತು. ಇನ್ನೊಂದು ಮಾತು: ಖಾಸಗಿಯವರಿಗೆ ಅಪ್ಪಣೆ ಕೊಟ್ಟಿದ್ದರೆ 1905ರ ಬೆಂಗಳೂರಿನ ದೀಪಕ್ಕಾಗಿ ಮೈಸೂರು ಸರ್ಕಾರ ತನ್ನದೇ ನದಿಯ ಶಕ್ತಿಯನ್ನು ಕೊಳ್ಳಲು ಅವರ ಬಾಗಿಲಲ್ಲಿ ನಿಲ್ಲಬೇಕಾಗುತ್ತಿತ್ತು.

ಶಿವನಸಮುದ್ರದಿಂದ ಕನ್ನಂಬಾಡಿ ಹುಟ್ಟಿತು. ಬೇಸಗೆಯಲ್ಲಿ ಕಾವೇರಿ ಬತ್ತಿದಾಗ ಗಣಿಗಳಿಗೆ ಮಾತು ಕೊಟ್ಟಷ್ಟು ಶಕ್ತಿಯನ್ನು ಕೊಡಲಾಗುತ್ತಿರಲಿಲ್ಲ. ಮೇಲೆ ನೀರನ್ನು ಹಿಡಿದಿಡುವ ಕಟ್ಟೆ ಬೇಕಾಯಿತು. ಅದನ್ನು ಕೈಗೆತ್ತಿಕೊಂಡ ವಿಶ್ವೇಶ್ವರಯ್ಯನವರನ್ನು ಪುಣೆಯವರು ತಮ್ಮವರೆಂದೇ ಹೇಳಿಕೊಳ್ಳುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. 1883ರಲ್ಲಿ ಇಲ್ಲಿಯ ಎಂಜಿನಿಯರಿಂಗ್ ಕಾಲೇಜಿನಿಂದ ಪ್ರಥಮರಾಗಿ ತೇರ್ಗಡೆಯಾದರು. ಮುಂಬಯಿ ಸರ್ಕಾರದ ನೌಕರಿಯಲ್ಲಿದ್ದಾಗ 1903ರಲ್ಲಿ ನಮ್ಮ ಖಡಕವಾಸಲಾ ಕಟ್ಟೆಗೆ ತಾವೇ ಕಂಡುಹಿಡಿದ ಸ್ವಯಂಚಾಲಿತ ಬಾಗಿಲುಗಳನ್ನು ಕೂಡಿಸಿದರು. 1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದರು. ಕನ್ನಂಬಾಡಿಯ ಎರಡು ಹಂತಗಳಿಗೆ ಅವರು ಹಾಕಿದ ಅಂದಾಜು 253 ಲಕ್ಷ ರೂಪಾಯಿ; ಸಂಸ್ಥಾನದ ಒಂದು ವರ್ಷದ ಹುಟ್ಟುವಳಿಯ ಆಸುಪಾಸಿನ ಮೊತ್ತ. ಹಣಕಾಸಿನವರು ಹಿಂದೆ ಸರಿದರು. ವಿಶ್ವೇಶ್ವರಯ್ಯನವರು ಬೇಸತ್ತು ಕೆಲಸ ಬಿಡುವ ಯೋಚನೆಯಲ್ಲಿದ್ದಾಗ ಮಹಾರಾಜರು ಕರೆಸಿ ಮಾತಾಡಿ, 1911ರ ಅಕ್ಟೋಬರಿನಲ್ಲಿ ಮಂಜೂರಾತಿ ಕೊಟ್ಟರೆಂಬುದು ಪ್ರಸಿದ್ಧವಾದ ಸಂಗತಿ.

ಈ ಪ್ರಸಂಗವನ್ನು ಹೇಳುವಾಗ ಹಣಕಾಸಿನವರನ್ನು ಖಳರನ್ನಾಗಿ ಮಾಡುವ ವಾಡಿಕೆಯುಂಟು. ನನಗೆ ಅವರ ಮೇಲೆ ಕೊಂಚ ಕರುಣೆ. ಒಂದು ವರ್ಷದ ಇಡೀ ವರಮಾನವನ್ನು ನದಿಗೆ ಸುರಿಯಿರೆಂದು ಕಾಗದ ಬಂದರೆ ಪ್ರಶ್ನೆ ಕೇಳುವುದು ಅವರ ಧರ್ಮ. ಅವರ ಪ್ರಶ್ನೆಗೆ ಉತ್ತರ ಕೊಟ್ಟದ್ದೂ ಶೇಷಾದ್ರಿ ಅಯ್ಯರ ಹಳೆಯ ಗಿರಾಕಿಯೇ. ಗಣಿಗಳಿಗೆ 1915ರ ಜುಲೈ ತಿಂಗಳಿಂದ ಹೆಚ್ಚಿನ ಶಕ್ತಿಯನ್ನು ಕೊಡುವೆವೆಂದು ಮಾತಾಗಿದ್ದಿತು. ಮೊದಲ ಹಂತದ ಕಟ್ಟೆಯನ್ನು ವಿದ್ಯುತ್ತಿನ ಲೆಕ್ಕದಲ್ಲಿ ಸಮರ್ಥಿಸಿ, ಹೊಳೆಯ ಪ್ರವಾಹವನ್ನೂ ಲೆಕ್ಕಿಸದೆ ದುಡಿದು, ಗೊತ್ತಾದ ದಿನಕ್ಕೆ ಶಕ್ತಿಯನ್ನು ಕೊಟ್ಟರು. ಮಂಡ್ಯದ ಕಬ್ಬಿನ ಗದ್ದೆಗಳಿಗೆ ನೀರು ಹರಿದದ್ದು ಇದಾದ ಎಷ್ಟೋ ವರ್ಷಗಳ ಮೇಲೆ. ವಿಶ್ವೇಶ್ವರಯ್ಯನವರ ಉತ್ತೇಜನದಿಂದಲೇ 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. ಅದು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋದಾಗ ನಮ್ಮ ಕಸುಬಿನ ಕನ್ನಡಿಗರಲ್ಲಿ ನಿಟ್ಟುಸಿರು ಬಿಡದವರಿಲ್ಲ. ಮುಳುಗಿದ ಕನ್ನಂಬಾಡಿ ಗ್ರಾಮದವರ ನಿಟ್ಟುಸಿರು ಮಾತ್ರ 253 ಲಕ್ಷದ ಯಾವ ಕಲಮಿನಲ್ಲಿಯೂ ಸೇರಲಿಲ್ಲ.

ಶಿವನಸಮುದ್ರದ ಪಾಠ ನಮ್ಮ ಸಹ್ಯಾದ್ರಿಯ ಘಟ್ಟಕ್ಕೂ ಬಂದಿತು. 1910ರಲ್ಲಿ ಟಾಟಾ ಅವರು ಲೋಣಾವಳದ ಮಳೆನೀರನ್ನು ಖೋಪೋಲಿಗೆ ಬೀಳಿಸಿ ಮುಂಬಯಿಗೆ ವಿದ್ಯುತ್ತು ಕೊಡುವ ಕಂಪನಿಯನ್ನು ಕಟ್ಟಿದರು. ಮೊದಲು ಲಂಡನ್ನಿನಲ್ಲಿ ಬಂಡವಾಳ ಕೇಳಿದರು. ಅಲ್ಲಿಯವರ ಷರತ್ತುಗಳು ಒಗ್ಗದೆ ಹಿಂದಿರುಗಿ, ದೇಶದ ಸಂಸ್ಥಾನಿಕರಿಂದಲೂ ಧನಿಕರಿಂದಲೂ ಕೂಡಿಸಿದರು. ಅವರೂ ಮುಂಬಯಿಯ ಬಟ್ಟೆ ಗಿರಣಿಗಳ ಮಾಲಿಕರೊಡನೆ ಮುಂಚಿತವಾಗಿಯೇ ಮಾತಾಡಿಟ್ಟುಕೊಂಡಿದ್ದರು. ಕಾವೇರಿಯ ಕೆಲಸಕ್ಕೆ ಅಮೆರಿಕದಿಂದ ಬಂದು ಮೈಸೂರಿನ ಮುಖ್ಯ ವಿದ್ಯುತ್ ಎಂಜಿನಿಯರಾಗಿದ್ದ ಎಚ್. ಪಿ. ಗಿಬ್ಸ್ ಅವರನ್ನು ಟಾಟಾ ಕಂಪನಿ ತನ್ನ ಕೆಲಸಕ್ಕೆ ಕರೆಸಿಕೊಂಡಿತು. 1915ರಲ್ಲಿ ಮುಂಬಯಿಯ ಗಿರಣಿಗಳಿಗೆ ಘಟ್ಟದ ಶಕ್ತಿ ಹೋಯಿತು. ಮುಂದೆ 1921ರಲ್ಲಿ ಇದೇ ಬಗೆಯ ಇನ್ನೊಂದು ಕಟ್ಟೆಗಾಗಿ ಪುಣೆಯ ಪಕ್ಕದ ಮುಳಶಿಯಲ್ಲಿ ಮಾವಳ ರೈತರ ಭೂಮಿ ಮುಳುಗತೊಡಗಿದಾಗ ಸೇನಾಪತಿ ಬಾಪಟರು ಸತ್ಯಾಗ್ರಹ ಹೂಡಿದ ಕಥೆ ಇಲ್ಲಿಯವರಿಗೆಲ್ಲ ಗೊತ್ತು.

ಕೋಲಾರದ ಗಣಿಗಳು 1956ರಲ್ಲಿ ಮೈಸೂರು ಸರ್ಕಾರದವಾದುವು, 1962ರಲ್ಲಿ ಕೇಂದ್ರ ಸರ್ಕಾರದವಾದುವು. ಅದಿರು ತೆಳ್ಳಗಾಗಿ, ಆಳ ಹೆಚ್ಚಾಗಿ, 2001ರ ಫೆಬ್ರವರಿ 28ರಂದು ಮುಚ್ಚಿದುವು. ಶೇಷಾದ್ರಿ ಅಯ್ಯರು ಅಷ್ಟು ಎಚ್ಚರದಿಂದ ಕಟ್ಟಿಹಾಕಿದ ಗಿರಾಕಿ ತೊಂಬತ್ತೊಂಬತ್ತನೆಯ ವರ್ಷದಲ್ಲಿ ಅಂಗಡಿ ಕಟ್ಟಿದ. ಅಷ್ಟರೊಳಗೆ ಜಲಪಾತದ ಬಳಿಯ ವಿದ್ಯುದಾಗಾರ ತನ್ನ ಮೂಲ ಬಂಡವಾಳವನ್ನು ಎಂದೋ ತೀರಿಸಿಕೊಂಡು ಸರ್ಕಾರದ ಆಸ್ತಿಯಾಗಿಯೇ ಉಳಿದಿತ್ತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 1913ರಲ್ಲಿ ಲಾರ್ಡ್ ಹಾರ್ಡಿಂಜ್ ಅನಾವರಣ ಮಾಡಿದ ದಿವಾನರ ಪ್ರತಿಮೆಯಿದೆ. ಅದರ ಹಿಂದಿನ ಕೆಂಪು ಕಟ್ಟಡ ಅವರ ಸ್ಮಾರಕವಾಗಿ ಕಟ್ಟಿದ್ದು, ಈಗ ರಾಜ್ಯದ ಕೇಂದ್ರ ಗ್ರಂಥಾಲಯ. ರಜೆಗೆ ಊರ ಕಡೆ ಹೋದವರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಹರಿಹರದ ಬಡ್ಡಿಯ ಲೆಕ್ಕವನ್ನೂ ಒಂದಿಷ್ಟು ಹೇಳಿಕೊಡಬಹುದು; ಹದಿನಾಲ್ಕು ವರ್ಷದ ಹುಡುಗನಿಗೆ ಅದು ತಿಳಿಯದ ಗಣಿತವೇನಲ್ಲ.